ನಾರ್ತ್ ಎಂಡ್, ದೊಡ್ಡಪ್ಪನ ಲೆಕ್ಕದಲ್ಲಿ

ಬಾಸ್ಟನ್ನಿಗೆ ಬಂದ ನೆಂಟರಿಗೆ ನಾರ್ತ್ ಎಂಡ್ ತೋರಿಸುವುದು ಇಲ್ಲಿನ ಕನ್ನಡದ ಮನೆಗಳಲ್ಲಿ ಒಂದು ಶಾಸ್ತ್ರ. ಹಾರ್ವರ್ಡ್ ಅಂಗಳದಲ್ಲಿ ಫೋಟೊ, ಬಂದರಿನಲ್ಲಿ ದೋಣಿ ವಿಹಾರ, ಕೊನೆಗೆ ಇಟಲಿಯವರ ಕೇರಿಯಲ್ಲಿ ಸಿಹಿ. ನೆಂಟರು ಮಂಡಿ ನೋವು ಎನ್ನುವ ಹೊತ್ತಿಗೆ ದಾರ ಸುತ್ತಿದ ಕ್ಯಾನೋಲಿ ಡಬ್ಬಿಯೊಂದನ್ನು ಅವರ ಕೈಗಿಟ್ಟು ರೈಲು ಹತ್ತಿಸಿದರೆ ಆತಿಥ್ಯ ಮುಗಿದಂತೆ. ನಾನೂ ಹಲವರನ್ನು ಹೀಗೆಯೇ ಸಾಗಹಾಕಿದ್ದೇನೆ. ಆದರೆ ಹೋದ ಬೇಸಿಗೆಯಲ್ಲಿ ಬಂದ ನಮ್ಮ ದೊಡ್ಡಪ್ಪ ಈ ಶಾಸ್ತ್ರಕ್ಕೆ ಒಗ್ಗುವವರಲ್ಲ.

ಅವರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಕುಂದಾಪುರದಲ್ಲಿ ಗುಮಾಸ್ತರಾಗಿ ಸೇರಿ, ಮಂಡ್ಯ, ಗದಗ ಎಂದು ಊರೂರು ತಿರುಗಿ ಮ್ಯಾನೇಜರ್ ಆಗಿ ಹೊರಬಂದರು. ಹೊಸ ಊರಿಗೆ ಕಾಲಿಟ್ಟರೆ ಇಲ್ಲಿ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ತನಕ ಅವರಿಗೆ ಸಮಾಧಾನವಿಲ್ಲ. ದೇವಸ್ಥಾನಕ್ಕೆ ಹೋದರೆ ಗರ್ಭಗುಡಿಗಿಂತ ಮೊದಲು ಸೇವಾದರಗಳ ಪಟ್ಟಿ ಓದುತ್ತಾರೆ. ಇಂಥವರನ್ನು ನಾನು ಎರಡು ಗಂಟೆಯ, ಮಾರ್ಗದರ್ಶಿ ಸಮೇತವಾದ ಕಾಲ್ನಡಿಗೆಯ ಪ್ರವಾಸಕ್ಕೆ ಸೇರಿಸಿದೆ. ತಲೆಗೆ ಇಷ್ಟು ಎಂದು ದರ ಕೇಳಿದ ಕೂಡಲೇ ಅವರು ಗುಂಪಿನ ತಲೆಗಳನ್ನು ಎಣಿಸಿ, ಗುಣಿಸಿ, "ಪರವಾಗಿಲ್ಲ, ಈ ಹುಡುಗಿಗೆ ಒಳ್ಳೆಯ ಸಂಪಾದನೆ" ಎಂದರು.

ಪ್ರವಾಸ ಶುರುವಾಗುವುದು ರೋಸ್ ಕೆನಡಿ ಗ್ರೀನ್‌ವೇ ಎಂಬ ಉದ್ದನೆಯ ಉದ್ಯಾನದಲ್ಲಿ. ಹುಲ್ಲುಹಾಸು, ಕಾರಂಜಿ, ನೀರಿನಲ್ಲಿ ಕುಣಿಯುವ ಮಕ್ಕಳು. ಇಲ್ಲಿ 1950ರ ದಶಕದಲ್ಲಿ ಹಸಿರು ಬಣ್ಣ ಬಳಿದ ಉಕ್ಕಿನ ಕಂಬಗಳ ಮೇಲೆ ಆರು ಪಥದ ಹೆದ್ದಾರಿ ಎದ್ದಿತ್ತು. ಅದಕ್ಕೆ ಜಾಗ ಮಾಡಲು ಮನೆ ಅಂಗಡಿಗಳನ್ನು ಕೆಡವಿದರು. ನಾರ್ತ್ ಎಂಡ್ ಒಂದು ಕಡೆ, ಉಳಿದ ನಗರ ಇನ್ನೊಂದು ಕಡೆ ಆಯಿತು. ಅರ್ಧ ಶತಮಾನದ ಬಳಿಕ 'ಬಿಗ್ ಡಿಗ್' ಎಂಬ ಹೆಸರಿನ, ಮುಗಿಯುವುದೇ ಇಲ್ಲವೇನೋ ಎನಿಸಿದ್ದ ಕಾಮಗಾರಿಯಲ್ಲಿ ಆ ಹೆದ್ದಾರಿಯನ್ನು ನೆಲದಡಿಗೆ ಇಳಿಸಿದರು. ಮೇಲೆ ಉಳಿದ ಜಾಗ 2008ರಲ್ಲಿ ಉದ್ಯಾನವಾಯಿತು. ನಮ್ಮ ಮಾರ್ಗದರ್ಶಿಯ ಅಜ್ಜ ಅಜ್ಜಿ ಇಲ್ಲಿ ಬದುಕಿದವರು. ಅವಳ ಮನೆ ಮಾತ್ರ ಈಗ ಊರಾಚೆಯ ಬಡಾವಣೆಯಲ್ಲಿ. "ಹೆದ್ದಾರಿ ಕುರೂಪಿಯಾಗಿತ್ತು, ಆದರೆ ನಮ್ಮ ಬಾಡಿಗೆಯನ್ನು ಕಾಯುತ್ತಿತ್ತು" ಎಂದಳು. ಗುಂಪು ನಕ್ಕಿತು. ದೊಡ್ಡಪ್ಪ ನಗಲಿಲ್ಲ, ತಲೆಯಾಡಿಸಿದರು.

ಪಾದಚಾರಿ ಮಾರ್ಗದಲ್ಲಿ ಕೆಂಪು ಇಟ್ಟಿಗೆಯ ಗೆರೆಯೊಂದು ಓಡುತ್ತದೆ. ಇದು ಫ್ರೀಡಂ ಟ್ರೇಲ್; ಅಮೆರಿಕದ ಕ್ರಾಂತಿಗೆ ಸಂಬಂಧಿಸಿದ ಸ್ಥಳಗಳನ್ನು ಒಂದಕ್ಕೊಂದು ಪೋಣಿಸುವ ಸುಮಾರು ನಾಲ್ಕು ಕಿಲೋಮೀಟರಿನ ದಾರಿ. 1951ರಲ್ಲಿ ಗುರುತಿಸಿದ್ದು. ಪ್ರವಾಸಿಗರು ತಲೆ ತಗ್ಗಿಸಿ ಅದನ್ನೇ ಹಿಡಿದು ನಡೆಯುತ್ತಾರೆ, ಗೆರೆ ನಿಲ್ಲಿಸಿದಲ್ಲಿ ತಲೆ ಎತ್ತುತ್ತಾರೆ. ನಾರ್ತ್ ಎಂಡಿನಲ್ಲಿ ಅದು ನಿಲ್ಲಿಸುವುದು ಪಾಲ್ ರಿವಿಯರ್ ಮನೆ, ಓಲ್ಡ್ ನಾರ್ತ್ ಚರ್ಚ್, ಕಾಪ್ಸ್ ಹಿಲ್ ಸ್ಮಶಾನ ಈ ಮೂರು ಕಡೆ. ಅಂದರೆ 1775ರ ಸುತ್ತಮುತ್ತ. ಆಮೇಲಿನದಕ್ಕೆ ಇಟ್ಟಿಗೆ ಸಾಲಲಿಲ್ಲ. ಆಮೇಲೆ ಬಂದವರೋ ಸಾಲುಸಾಲು. ಬರಗಾಲಕ್ಕೆ ಬೆದರಿ ಬಂದ ಐರಿಷರು, ಪೂರ್ವ ಯುರೋಪಿನ ಯಹೂದಿಗಳು, 1860ರ ದಶಕದಲ್ಲಿ ಜಿನೋವಾದಿಂದ ಕೆಲವರು, 1880ರ ನಂತರ ನೇಪಲ್ಸ್, ಅವೆಲ್ಲಿನೋ, ಸಿಸಿಲಿಗಳಿಂದ ಹಡಗು ಹಡಗಾಗಿ ಇಟಾಲಿಯನ್ನರು. 1930ರ ವೇಳೆಗೆ ಒಂದು ಚದರ ಕಿಲೋಮೀಟರೂ ಇಲ್ಲದ ಈ ಜಾಗದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಎಲ್ಲರೂ ಇಟಲಿ ಮೂಲದವರು. ಈಗ ಹತ್ತು ಸಾವಿರದ ಆಸುಪಾಸು.

ಅವರೂ ಒಂದೇ ಜನವಾಗಿ ಬಂದವರಲ್ಲ. ಇಟಲಿ ಒಂದು ದೇಶವಾದದ್ದೇ 1861ರಲ್ಲಿ. ಸಿಸಿಲಿಯ ಶಾಕ್ಕಾ ಊರಿನ ಬೆಸ್ತರು ಬಂದರಿಗೆ ಹತ್ತಿರದ ನಾರ್ತ್ ಸ್ಟ್ರೀಟಿನಲ್ಲಿ ನೆಲೆಸಿದರು. ಅವೆಲ್ಲಿನೋ ಕಡೆಯವರದು ಬೇರೆ ಬೀದಿ, ಬೇರೆ ದೇವರು, ಬೇರೆ ಮಾತು. ಅವರನ್ನು ಇಟಾಲಿಯನ್ನರು ಎಂದು ಒಟ್ಟುಗೂಡಿಸಿ ಕರೆದದ್ದು ಬಾಸ್ಟನ್.

ಹ್ಯಾನೋವರ್ ಸ್ಟ್ರೀಟಿನಿಂದ ಬಲಕ್ಕೆ ತಿರುಗಿದರೆ ನಾರ್ತ್ ಸ್ಕ್ವೇರ್. ಕಲ್ಲು ಹಾಸಿದ ಪುಟ್ಟ ಚೌಕ, ಅದರ ಒಂದು ಮಗ್ಗುಲಲ್ಲಿ ಸುಮಾರು 1680ರಲ್ಲಿ ಕಟ್ಟಿದ ಬೂದು ಬಣ್ಣದ ಮರದ ಮನೆ. ಬ್ರಿಟಿಷ್ ಸೈನಿಕರು ಹೊರಟಿದ್ದಾರೆಂದು ಎಚ್ಚರಿಸಲು 1775ರ ಏಪ್ರಿಲ್ 18ರ ರಾತ್ರಿ ಕುದುರೆ ಏರಿ ಹೋದ ಅಕ್ಕಸಾಲಿಗ ಪಾಲ್ ರಿವಿಯರ್ ಇಲ್ಲಿದ್ದ. ಮಾರ್ಗದರ್ಶಿ ಕುದುರೆಯ ಕಥೆಯನ್ನು ಬಾಯಿಪಾಠವಾಗಿ ಹೇಳಿದಳು. ಆಮೇಲೆ ಕಡತದಿಂದ ಹಳೆಯ ಛಾಯಾಚಿತ್ರವೊಂದರ ಪ್ರತಿಯನ್ನು ತೆಗೆದು ತೋರಿಸಿದಳು. ಇದೇ ಮನೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಮೇಲೆ ಬಾಡಿಗೆಯ ವಠಾರ, ಕೆಳಗೆ ಅಂಗಡಿಗಳು. ಒಂದು ಚುಟ್ಟಾ ತಯಾರಿಕೆಯದು, ಇನ್ನೊಂದು ಇಟಾಲಿಯನ್ ಬ್ಯಾಂಕು.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು.

"ಬ್ಯಾಂಕೇ? ಇಷ್ಟಗಲದ ಅಂಗಡಿಯಲ್ಲೇ? ಯಾರದಮ್ಮ ಅದು?"

ನಾನು ಅನುವಾದಿಸಿದೆ. ಮಾರ್ಗದರ್ಶಿಗೆ ಆ ದಿನ ಮೊದಲ ಸಲ ಮೈ ಚಳಿ ಬಿಟ್ಟಂತಾಯಿತು. ಕುದುರೆ ಬಿಟ್ಟು ಬ್ಯಾಂಕಿನ ಬಗ್ಗೆ ಮಾತು ಹರಿಯಿತು. ಆ ಕಾಲದ ವಲಸಿಗರ ಬ್ಯಾಂಕು ಎಂದರೆ ಕಿರಾಣಿ ಅಂಗಡಿಯ ಒಂದು ಮೂಲೆಯೂ ಇರಬಹುದು, ಹೆಂಡದಂಗಡಿಯ ಗಲ್ಲಾವೂ ಇರಬಹುದು. ಅದೇ ಮನುಷ್ಯ ಹಡಗಿನ ಟಿಕೆಟ್ ಮಾರುತ್ತಾನೆ, ಓದು ಬಾರದವನ ಕಾಗದ ಬರೆದುಕೊಡುತ್ತಾನೆ, ಊರಿಗೆ ಹಣ ಕಳುಹಿಸುತ್ತಾನೆ, ರಸ್ತೆ ಅಗೆಯುವ ಕೆಲಸಕ್ಕೆ ಆಳುಗಳನ್ನು ಒದಗಿಸುತ್ತಾನೆ. ಅಮೆರಿಕದ ದೊಡ್ಡ ಬ್ಯಾಂಕುಗಳು ಹತ್ತು ಗಂಟೆಗೆ ತೆರೆದು ಮೂರಕ್ಕೆ ಮುಚ್ಚಿದರೆ, ಮಣ್ಣಿನ ಕೈಯಲ್ಲಿ ಸಂಜೆ ಬರುವ ಕೂಲಿಗೆ ಬಾಗಿಲು ತೆರೆದಿರುತ್ತಿದ್ದದ್ದು ಇಲ್ಲಿಯೇ. 1911ರಲ್ಲಿ ಅಮೆರಿಕದ ಸಂಸತ್ತಿನ ವಲಸೆ ಆಯೋಗ ಇಂಥ ಬ್ಯಾಂಕುಗಳ ಮೇಲೆಯೇ ಒಂದು ವರದಿ ಹೊರತಂದಿತು. ಬಂಡವಾಳವಿಲ್ಲ, ಲೆಕ್ಕ ಪುಸ್ತಕ ನೆಟ್ಟಗಿಲ್ಲ, ಠೇವಣಿದಾರನ ಬಳಿ ಒಂದು ಚೀಟಿ ಇದ್ದರೆ ಅದೇ ಹೆಚ್ಚು. ಮಾಲೀಕ ರಾತ್ರೋರಾತ್ರಿ ನಾಪತ್ತೆಯಾದರೆ ಹತ್ತು ವರ್ಷದ ಬೆವರು ಅವನ ಜೊತೆಗೇ ಹೋಯಿತು.

"ಆದರೂ ಇಟ್ಟರಲ್ಲ" ಎಂದರು ದೊಡ್ಡಪ್ಪ. ಕುಂದಾಪುರದಲ್ಲಿ ಅವರು ಪಿಗ್ಮಿ ಠೇವಣಿಯ ಲೆಕ್ಕ ನೋಡಿದವರು. ಮೀನು ಮಾರುವವರು, ಹೋಟೆಲಿನ ಹುಡುಗರು ದಿನಕ್ಕೊಂದಿಷ್ಟು ಎಂದು ಏಜೆಂಟನ ಕೈಗೆ ಹಾಕುತ್ತಿದ್ದ ಕಾಲ. ಬ್ಯಾಂಕಿನ ಕಟ್ಟಡ ನೋಡಿ ಯಾರೂ ದುಡ್ಡು ಕೊಡುವುದಿಲ್ಲ, ಬಾಗಿಲಿಗೆ ಬರುವ ಮುಖ ನೋಡಿ ಕೊಡುತ್ತಾರೆ ಎಂಬುದು ಅವರ ಅನುಭವ. ಅದನ್ನು ಮಾರ್ಗದರ್ಶಿಗೆ ತಮ್ಮ ಇಂಗ್ಲಿಷಿನಲ್ಲಿಯೇ ವಿವರಿಸತೊಡಗಿದರು. ಕುದುರೆಯ ಕಥೆಗೆ ಬಂದಿದ್ದ ಗುಂಪು ಗಡಿಯಾರ ನೋಡಿಕೊಂಡಿತು.

ಆ ಮನೆ ಉಳಿದದ್ದು ರಿವಿಯರನ ಮರಿಮಗನೊಬ್ಬ 1902ರಲ್ಲಿ ಕೊಂಡುಕೊಂಡಿದ್ದರಿಂದ. 1908ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ದುರಸ್ತಿಯ ಹೆಸರಿನಲ್ಲಿ ಕಾಲದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಮೂರನೆಯ ಅಂತಸ್ತನ್ನೂ ಅಂಗಡಿಗಳನ್ನೂ ತೆಗೆದುಹಾಕಿದರು. ಬ್ಯಾಂಕು ಹೋಯಿತು, ಚುಟ್ಟಾ ಹೋಯಿತು, ಶುದ್ಧ ಹದಿನೇಳನೆಯ ಶತಮಾನ ಉಳಿಯಿತು. ರಿವಿಯರನ ಅಪ್ಪನೂ ವಲಸಿಗನೇ. ಫ್ರಾನ್ಸಿನಿಂದ ಹುಡುಗನಾಗಿ ಬಂದ ಅಪೊಲೋಸ್ ರಿವುವಾರ್, ಇಲ್ಲಿನವರ ನಾಲಿಗೆಗೆ ಹೊರಳಲೆಂದು ಹೆಸರನ್ನು ರಿವಿಯರ್ ಮಾಡಿಕೊಂಡವನು. ಒಳಗಿನ ಫಲಕದಲ್ಲಿ ಇದನ್ನು ಓದಿದಾಗ ನನಗೆ ಕಚೇರಿಗಳಲ್ಲಿ ಶ್ರೀನಿವಾಸರೆಲ್ಲ ಶ್ರೀ ಆಗಿರುವುದು ನೆನಪಾಯಿತು. ಇರಲಿ.

ಅಲ್ಲಿಂದ ಹೊರಟಾಗ ನಾನು ದೊಡ್ಡಪ್ಪನಿಗೆ ಪೊಂಜಿಯ ಕಥೆ ಹೇಳಿದೆ. ಇದು ಪ್ರವಾಸದಲ್ಲಿ ಇರಲಿಲ್ಲ. ಇಟಲಿಯ ಲುಗೋ ಊರಿನ ಚಾರ್ಲ್ಸ್ ಪೊಂಜಿ 1903ರಲ್ಲಿ ಇದೇ ಬಾಸ್ಟನ್ ಬಂದರಿನಲ್ಲಿ ಇಳಿದ. ಕೆಲವು ವರ್ಷಗಳ ಬಳಿಕ ಮಾಂಟ್ರಿಯಲ್‌ನಲ್ಲಿ ಇಂಥದೇ ಒಂದು ವಲಸಿಗರ ಬ್ಯಾಂಕಿನಲ್ಲಿ ಗುಮಾಸ್ತನಾದ. ಹೊಸಬರ ಠೇವಣಿಯಿಂದ ಹಳಬರಿಗೆ ಬಡ್ಡಿ ಕೊಡುವ ವಿದ್ಯೆಯನ್ನು ಅಲ್ಲಿ ಕಣ್ಣಾರೆ ಕಂಡ. 1920ರಲ್ಲಿ ಬಾಸ್ಟನ್ನಿನ ಸ್ಕೂಲ್ ಸ್ಟ್ರೀಟಿನಲ್ಲಿ ಕಚೇರಿ ತೆರೆದು 45 ದಿನಕ್ಕೆ ಶೇಕಡಾ 50 ಲಾಭ ಎಂದು ಸಾರಿದ. ಅಂಚೆಯ ಅಂತರರಾಷ್ಟ್ರೀಯ ಕೂಪನ್ನುಗಳ ವ್ಯಾಪಾರ ಎಂಬುದು ನೆಪ. ಮೊದಲು ನಂಬಿದವರಲ್ಲಿ ಇಟಾಲಿಯನ್ ಕೂಲಿಗಳು, ಚಿಲ್ಲರೆ ವ್ಯಾಪಾರಿಗಳು. ಆಮೇಲೆ ಪೊಲೀಸರೂ ಸಾಲಿನಲ್ಲಿ ನಿಂತರು. ಆಗಸ್ಟ್‌ನಲ್ಲಿ ಅವನು ಸೆರೆಯಾಗುವ ಹೊತ್ತಿಗೆ ಸುಮಾರು ಒಂದೂವರೆ ಕೋಟಿ ಡಾಲರ್ ಒಳಗೆ ಬಂದಿತ್ತು. ಅವನು ಪಾಲು ಕೊಂಡಿದ್ದ ಹ್ಯಾನೋವರ್ ಟ್ರಸ್ಟ್ ಬ್ಯಾಂಕೂ ಮುಳುಗಿತು.

"ಬ್ಲೇಡ್ ಕಂಪನಿಯ ಮೂಲಪುರುಷ ಇಲ್ಲಿಯವನೇ?" ದೊಡ್ಡಪ್ಪನ ಮುಖದಲ್ಲಿ ಕ್ಷೇತ್ರ ದರ್ಶನವಾದ ಕಳೆ. ಸ್ಕೂಲ್ ಸ್ಟ್ರೀಟ್ ಎಲ್ಲಿ, ಕಟ್ಟಡ ಇದೆಯೇ ಎಂದೆಲ್ಲ ಕೇಳಿದರು. ನಾನು ಅದಕ್ಕೆ ಸೇರಿಸಿ ಇನ್ನೊಂದನ್ನೂ ಹೇಳಿದೆ. ಇದೇ ಮಣ್ಣಿನಿಂದ ಬಂದ ಇನ್ನೊಂದು ಬೆಳೆಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಇಟಾಲಿಯನ್ ಕೇರಿ ನಾರ್ತ್ ಬೀಚ್‌ನಲ್ಲಿ ಜಿಯಾನೀನಿ ಎಂಬ ವಲಸಿಗರ ಮಗ 1904ರಲ್ಲಿ ಬ್ಯಾಂಕ್ ಆಫ್ ಇಟಲಿ ತೆರೆದ. ತರಕಾರಿ ಮಾರುವವರಿಗೆ, ಬೆಸ್ತರಿಗೆ ಸಾಲ ಕೊಡುವ ಬ್ಯಾಂಕು. 1906ರ ಭೂಕಂಪವಾದಾಗ ಬಂದರಿನ ಕಟ್ಟೆಯ ಮೇಲೆ ಹಲಗೆ ಹಾಕಿಕೊಂಡು ಮನೆ ಕಟ್ಟಲು ಸಾಲ ಹಂಚಿದ. ಅದು 1930ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಆಯಿತು. ನನ್ನ ಮನೆಸಾಲ ಅಲ್ಲಿದೆ ಎಂದಾಗ ದೊಡ್ಡಪ್ಪ ಬಡ್ಡಿ ದರ ಕೇಳಿದರು.

ಸೇಂಟ್ ಸ್ಟೀಫನ್ಸ್ ಚರ್ಚನ್ನು ಪ್ರವಾಸ ಐದು ನಿಮಿಷದಲ್ಲಿ ಮುಗಿಸಿತು. ವಾಸ್ತುಶಿಲ್ಪಿ ಬುಲ್ಫಿಂಚ್ ಕಟ್ಟಿದ ಚರ್ಚುಗಳಲ್ಲಿ ಬಾಸ್ಟನ್ನಿನಲ್ಲಿ ಉಳಿದಿರುವುದು ಇದೊಂದೇ. ಅಧ್ಯಕ್ಷ ಕೆನಡಿಯ ತಾಯಿ ರೋಸ್ ಹುಟ್ಟಿದ್ದು ಇಲ್ಲೇ ಪಕ್ಕದ ಗಾರ್ಡನ್ ಕೋರ್ಟ್ ಬೀದಿಯಲ್ಲಿ, 1890ರಲ್ಲಿ. ದೀಕ್ಷಾಸ್ನಾನ ಈ ಚರ್ಚಿನಲ್ಲಿ, 1995ರಲ್ಲಿ ಅಂತ್ಯಕ್ರಿಯೆಯ ಪೂಜೆಯೂ ಇಲ್ಲೇ. ನಾನು ಇಲ್ಲಿ ತುಸು ಹೆಚ್ಚು ನಿಲ್ಲಬೇಕಾಗಿದೆ, ಏಕೆಂದರೆ ಈ ಮನೆತನದ ಎಳೆಯೊಂದು ನನ್ನ ತನಕ ಬರುತ್ತದೆ.

1894ರಲ್ಲಿ ಹಾರ್ವರ್ಡಿನಲ್ಲಿ ಓದಿದ ಕೆಲವು ಯುವಕರು ಇದೇ ಬಾಸ್ಟನ್ನಿನಲ್ಲಿ ಕೂಡಿ 'ವಲಸೆ ನಿರ್ಬಂಧ ಸಂಘ' ಕಟ್ಟಿದರು. ದಕ್ಷಿಣ ಮತ್ತು ಪೂರ್ವ ಯುರೋಪಿನವರು ಬಂದು ದೇಶ ಕೆಡುತ್ತಿದೆ ಎಂಬುದು ಅವರ ದೂರು. ಅವರ ಆಯುಧ ಓದು ಬರಹದ ಪರೀಕ್ಷೆ. ಸಿಸಿಲಿಯ ರೈತನಿಗೆ ಓದು ಬರುವುದಿಲ್ಲ ಎಂದು ಗೊತ್ತಿದ್ದೇ ಹೂಡಿದ ತಂತ್ರ. ಸರ್ಕಾರಿ ದಾಖಲೆಗಳಲ್ಲಿ 1899ರಿಂದ ಉತ್ತರ ಇಟಲಿಯವರನ್ನೂ ದಕ್ಷಿಣ ಇಟಲಿಯವರನ್ನೂ ಎರಡು ಬೇರೆ ಜನಾಂಗಗಳೆಂದು ಬರೆದುಕೊಳ್ಳುತ್ತಿದ್ದರು. ಬಾಸ್ಟನ್ನಿನ ಕುಲೀನ ಸೆನೆಟರ್ ಹೆನ್ರಿ ಕ್ಯಾಬಟ್ ಲಾಜ್ ಆ ಮಸೂದೆಯ ಮುಂದಾಳು. ಸಂಸತ್ತಿನ ಕೆಳಮನೆಯಲ್ಲಿ ಅದನ್ನು ವಿರೋಧಿಸಿದವರಲ್ಲಿ ನಾರ್ತ್ ಎಂಡಿನಲ್ಲೇ ಹುಟ್ಟಿದ ಐರಿಷ್ ಮೂಲದ ಜಾನ್ ಫಿಟ್ಸ್‌ಜೆರಾಲ್ಡ್ ಒಬ್ಬ. ರೋಸ್ ಕೆನಡಿಯ ಅಪ್ಪ. 1897ರಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಮಸೂದೆಗೆ ಸಹಿ ಹಾಕಲಿಲ್ಲ. ಆದರೆ 1917ರಲ್ಲಿ ಅಧ್ಯಕ್ಷ ವಿಲ್ಸನ್ನರ ನಿರಾಕರಣೆಯನ್ನು ಮೀರಿ ಅದು ಕಾನೂನಾಯಿತು. ಅದೇ ಕಾನೂನಿನ ಇನ್ನೊಂದು ಕಲಮು ಏಷ್ಯಾದ ಬಹುಭಾಗದ ಸುತ್ತ ಗೆರೆ ಎಳೆದು, ಅದರೊಳಗಿನವರು ಬರಕೂಡದು ಎಂದಿತು. ಭಾರತ ಆ ಗೆರೆಯೊಳಗಿತ್ತು. 1924ರ ಕಾನೂನು ಇಟಲಿಗೆ ವರ್ಷಕ್ಕೆ 3,845 ಮಂದಿಯ ಮಿತಿ ಹಾಕಿತು. ಮೊದಲು ಒಂದೊಂದು ವರ್ಷ ಎರಡು ಲಕ್ಷಕ್ಕೂ ಮೀರಿ ಬರುತ್ತಿದ್ದವರು. ಭಾರತೀಯರಿಗೆ 1946ರಲ್ಲಿ ಬಾಗಿಲು ಸಂದಿಯಷ್ಟು ತೆರೆಯಿತು, ವರ್ಷಕ್ಕೆ ನೂರು ಜನ. ಈ ದೇಶವಾರು ಲೆಕ್ಕವನ್ನು ಕಿತ್ತುಹಾಕಿದ್ದು 1965ರ ಕಾನೂನು. ಸೆನೆಟ್ಟಿನಲ್ಲಿ ಅದನ್ನು ದಡ ಸೇರಿಸಿದವನು ರೋಸ್ ಅವರ ಕಿರಿಯ ಮಗ ಎಡ್ವರ್ಡ್ ಕೆನಡಿ. ನಾನು, ನನ್ನ ಗಂಡ, ನಮ್ಮ ಕನ್ನಡ ಕೂಟ, ಅದರ ಯುಗಾದಿ ಊಟದ ಪಂಕ್ತಿ ಎಲ್ಲವೂ ಆ ಕಾನೂನಿನ ಈಚೆಗಿನವು.

ನಮ್ಮವರಲ್ಲಿ ಅನೇಕರಿಗೆ ಈ ಎಳೆ ಇಷ್ಟವಾಗುವುದಿಲ್ಲ. ನಾವು ಓದಿ ಬಂದವರು, ಅವರು ಅಗೆಯಲು ಬಂದವರು ಎನ್ನುತ್ತಾರೆ. ಪರೀಕ್ಷೆ ಪಾಸಾದವರು ಪರೀಕ್ಷೆಯನ್ನು ನ್ಯಾಯವೆನ್ನುವುದು ಹಳೆಯ ಚಾಳಿ.

ಹಲ್ ಸ್ಟ್ರೀಟಿನ ಏರಿನಲ್ಲಿ ದೊಡ್ಡಪ್ಪ ದಣಿದರು. ಹತ್ತಡಿ ಅಗಲದ ಮನೆಯೊಂದರ ಮುಂದೆ ಎಲ್ಲರೂ ಕೈ ಚಾಚಿ ಫೋಟೊ ತೆಗೆಸಿಕೊಂಡರು. ಅಣ್ಣತಮ್ಮಂದಿರ ಜಗಳದಲ್ಲಿ ಒಬ್ಬನ ಬೆಳಕು ಗಾಳಿ ತಡೆಯಲು ಇನ್ನೊಬ್ಬ ಕಟ್ಟಿದ್ದಂತೆ; ಕಥೆ ನಿಜವೋ ಸುಳ್ಳೋ, ಪಾಲುಪಟ್ಟಿ ಕಂಡ ಯಾರೂ ಅನುಮಾನಿಸಲಾರರು. ನನಗೆ ಆ ಮನೆಗಿಂತ ಅದೇ ಬೀದಿಯ 18ನೆಯ ನಂಬರಿನ ಕಟ್ಟಡ ಹೆಚ್ಚು. ಇಟಾಲಿಯನ್ ಮತ್ತು ಯಹೂದಿ ಹುಡುಗಿಯರು ಕೂಡುತ್ತಿದ್ದ, 'ಶನಿವಾರ ಸಂಜೆಯ ಹುಡುಗಿಯರು' ಎಂಬ ಓದುವ ಬಳಗದ ಮನೆ. ಗ್ರಂಥಪಾಲಕಿ ಈಡಿತ್ ಗೆರಿಯರ್ ನಡೆಸುತ್ತಿದ್ದ ಈ ಬಳಗ, ಹುಡುಗಿಯರ ಕೈಯಲ್ಲಿ ನಾಲ್ಕು ಕಾಸು ಆಡಲಿ ಎಂದು ಕುಂಬಾರಿಕೆ ಶುರುಮಾಡಿತು. ಅವರು ಚಿತ್ರ ಬರೆಯುವಾಗ ಒಬ್ಬಳು ಕುಳಿತು ಗಟ್ಟಿಯಾಗಿ ಪುಸ್ತಕ ಓದುತ್ತಿದ್ದಳು. ಬಾತುಕೋಳಿ, ಮೊಲಗಳ ಸಾಲು ಬಿಡಿಸಿದ ಅವರ ಬಟ್ಟಲುಗಳು ಈಗ ಹರಾಜಿನಲ್ಲಿ ದೊಡ್ಡ ಬೆಲೆಗೆ ಹೋಗುತ್ತವೆ.

ಪ್ರವಾಸ ಕಾಪ್ಸ್ ಹಿಲ್ ಸ್ಮಶಾನದಲ್ಲಿ ಮುಗಿಯಿತು. ನಾನು ದೊಡ್ಡಪ್ಪನನ್ನು ಇಳಿಜಾರಿನಲ್ಲಿ ಕೆಳಗೆ, ಕಮರ್ಷಿಯಲ್ ಸ್ಟ್ರೀಟಿಗೆ ಕರೆದುಕೊಂಡು ಹೋದೆ. ಕೆಂಪು ಗೆರೆ ಅಲ್ಲಿಗೆ ಬರುವುದಿಲ್ಲ. ಬಂದರಿನ ಅಂಚಿಗೆ ಆಟದ ಮೈದಾನ, ಮುದುಕರು ಬೋಚೆ ಚೆಂಡು ಉರುಳಿಸುವ ಅಂಕಣ, ಅದರ ಹತ್ತಿರ ಹುಡುಕಿದರಷ್ಟೇ ಸಿಗುವ ಪುಟ್ಟ ಫಲಕ. ಇಲ್ಲಿ 1919ರ ಜನವರಿ 15ರಂದು ಕಾಕಂಬಿಯ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಅಂಟುಪಾಕದ, ಟ್ಯಾಂಕ್ ಒಡೆಯಿತು.

ಮಂಡ್ಯದಲ್ಲಿದ್ದವರಿಗೆ ಕಾಕಂಬಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಯ ಆ ಹುಳಿಸಿಹಿ ಘಾಟು ದೊಡ್ಡಪ್ಪನಿಗೆ ಇನ್ನೂ ಮೂಗಿನಲ್ಲಿದೆ. ಇಲ್ಲಿಗೆ ಅದು ಕ್ಯೂಬಾ, ಪೋರ್ಟೊರಿಕೊಗಳಿಂದ ಹಡಗಿನಲ್ಲಿ ಬರುತ್ತಿತ್ತು. ಅದರಿಂದ ಮದ್ಯಸಾರ, ಮದ್ಯಸಾರದಿಂದ ಮೊದಲ ಮಹಾಯುದ್ಧದ ಮದ್ದುಗುಂಡು. ಯುದ್ಧದ ಲಾಭದ ಅವಸರದಲ್ಲಿ 1915ರಲ್ಲಿ ಐವತ್ತು ಅಡಿ ಎತ್ತರ, ತೊಂಬತ್ತು ಅಡಿ ಅಗಲದ ಉಕ್ಕಿನ ಟ್ಯಾಂಕನ್ನು ವಠಾರಗಳ ಮಗ್ಗುಲಲ್ಲೇ ನಿಲ್ಲಿಸಿದರು. ಮೇಲ್ವಿಚಾರಣೆಗೆ ಇದ್ದವನು ಎಂಜಿನಿಯರ್ ಅಲ್ಲ, ಲೆಕ್ಕದವನು. ಪೂರ್ತಿ ನೀರು ತುಂಬಿಸಿ ಪರೀಕ್ಷಿಸಲಿಲ್ಲ. ಆರು ಅಂಗುಲ ನೀರು ಹಾಕಿ ಆಯಿತು ಎಂದರು. ಮೊದಲ ದಿನದಿಂದ ಸೋರಿತು. ಕೇರಿಯ ಮಕ್ಕಳು ಡಬ್ಬಿ ತಂದು ಸೋರಿದ್ದನ್ನು ಹಿಡಿದುಕೊಂಡು ಹೋಗುತ್ತಿದ್ದರು. ದೂರು ಬಂದಾಗ ಕಂಪನಿ ಟ್ಯಾಂಕಿಗೆ ಕಂದು ಬಣ್ಣ ಬಳಿಸಿತು, ಸೋರಿಕೆ ಕಾಣದಿರಲಿ ಎಂದು.

"ಲೆಕ್ಕದವನೇ?" ಎಂದರು ದೊಡ್ಡಪ್ಪ. ಅವರಿಗೆ ಅದು ಚುಚ್ಚಿತು.

ಆ ದಿನ ಮಧ್ಯಾಹ್ನದ ಊಟದ ಹೊತ್ತು. ಕೊರೆವ ಚಳಿ ಕಳೆದು ಹಿತವಾದ ಬಿಸಿಲು. ಟ್ಯಾಂಕಿನಲ್ಲಿ 23 ಲಕ್ಷ ಗ್ಯಾಲನ್, ಅಂದರೆ ಸುಮಾರು 87 ಲಕ್ಷ ಲೀಟರ್. ತಗಡಿನ ಜೋಡಣೆ ಬಿಚ್ಚಿ, ಇಪ್ಪತ್ತೈದು ಅಡಿ ಎತ್ತರದ ಅಲೆ ಗಂಟೆಗೆ 35 ಮೈಲಿ ವೇಗದಲ್ಲಿ ನುಗ್ಗಿತು. ಅಗ್ನಿಶಾಮಕ ಠಾಣೆಯನ್ನು ಅಡಿಪಾಯದಿಂದ ಕಿತ್ತಿತು, ಮೇಲಿನ ರೈಲು ಮಾರ್ಗದ ಕಂಬವನ್ನು ಬಾಗಿಸಿತು. ಸತ್ತವರು 21 ಜನ, ಗಾಯಗೊಂಡವರು ಸುಮಾರು 150. ಸತ್ತವರಲ್ಲಿ ಟ್ಯಾಂಕಿನ ಬಳಿ ಸೌದೆ ಆಯುತ್ತಿದ್ದ ಹತ್ತು ವರ್ಷದ ಇಬ್ಬರು ಇಟಾಲಿಯನ್ ಮಕ್ಕಳಿದ್ದರು. ಅಂಟಿನಲ್ಲಿ ಸಿಕ್ಕಿದ ಕುದುರೆಗಳನ್ನು ಗುಂಡಿಟ್ಟು ಕೊಂದರು. ಸಿಹಿನೀರಿಗೆ ಕಾಕಂಬಿ ಬಿಡಲಿಲ್ಲ. ಸಮುದ್ರದ ಉಪ್ಪುನೀರನ್ನು ಪಂಪಿನಲ್ಲಿ ಹೊಡೆದು ಬೀದಿ ತೊಳೆದರು.

ಕಂಪನಿ ಹೇಳಿದ್ದೇನು? ಇಟಾಲಿಯನ್ ಅರಾಜಕತಾವಾದಿಗಳು ಬಾಂಬಿಟ್ಟರು. ಆ ಕಾಲಕ್ಕೆ ಇದು ನಂಬಿಕೆ ಹುಟ್ಟಿಸುವ ಸುಳ್ಳು. ಕೇರಿಯಲ್ಲಿ ಅರಾಜಕತಾವಾದಿಗಳು ಇದ್ದದ್ದು ನಿಜ; 1916ರ ಡಿಸೆಂಬರ್‌ನಲ್ಲಿ ಸ್ಯಾಲುಟೇಶನ್ ಸ್ಟ್ರೀಟಿನ ಪೊಲೀಸ್ ಠಾಣೆಗೆ ಅವರು ಬಾಂಬಿಟ್ಟದ್ದೂ ನಿಜ. ಆದರೆ ಟ್ಯಾಂಕಿಗೆ ಬಾಂಬು ಬೇಕಾಗಿರಲಿಲ್ಲ. ನೂರಕ್ಕೂ ಹೆಚ್ಚು ದಾವೆಗಳನ್ನು ಒಟ್ಟುಮಾಡಿ ವರ್ಷಗಟ್ಟಲೆ ಸಾಕ್ಷ್ಯ ಕೇಳಿದ, ಕೋರ್ಟು ನೇಮಿಸಿದ್ದ ವಕೀಲ ಹ್ಯೂ ಆಗ್ಡೆನ್ 1925ರಲ್ಲಿ ತಪ್ಪು ಕಂಪನಿಯದೇ ಎಂದು ತೀರ್ಮಾನ ಕೊಟ್ಟರು. ಪರಿಹಾರ ಒಟ್ಟು 6 ಲಕ್ಷ 28 ಸಾವಿರ ಡಾಲರ್, ಸತ್ತವರ ಕುಟುಂಬಕ್ಕೆ ಸುಮಾರು ಏಳು ಸಾವಿರದಂತೆ. ದೊಡ್ಡಪ್ಪ ಫಲಕದ ಮುಂದೆ ನಿಂತು, ಆರು ವರ್ಷದ ಬಡ್ಡಿ ಸೇರಿಸಿದ್ದರೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಗು ಬಂದಿತು, ಆಮೇಲೆ ಬರಲಿಲ್ಲ. ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ಮರಳಿ ಹ್ಯಾನೋವರ್ ಸ್ಟ್ರೀಟಿಗೆ ಬಂದೆವು. ಕಂಪನಿಯ ಸುಳ್ಳು ಕೋರ್ಟಿನಲ್ಲಿ ಬಿದ್ದುಹೋಗುತ್ತಿದ್ದ ಅದೇ ವರ್ಷಗಳಲ್ಲಿ, ಇದೇ ಬೀದಿಯ 256ನೆಯ ನಂಬರಿನಲ್ಲಿ ಸಾಕೋ ಮತ್ತು ವಾಂಜೆಟ್ಟಿಯರ ರಕ್ಷಣಾ ಸಮಿತಿಯ ಕಚೇರಿ ಇತ್ತು. ಒಬ್ಬ ಚಪ್ಪಲಿ ಕಾರ್ಖಾನೆಯ ಕೆಲಸಗಾರ, ಇನ್ನೊಬ್ಬ ಗಾಡಿಯಲ್ಲಿ ಮೀನು ಮಾರುವವನು, ಇಬ್ಬರೂ ಅರಾಜಕತಾವಾದಿಗಳು. 1920ರ ಒಂದು ದರೋಡೆ ಮತ್ತು ಕೊಲೆಯ ಆರೋಪದಲ್ಲಿ ಅವರನ್ನು ಹಿಡಿದು, ಏಳು ವರ್ಷದ ಬಳಿಕ, 1927ರ ಆಗಸ್ಟ್ 23ರಂದು ವಿದ್ಯುತ್ ಕುರ್ಚಿಗೆ ಕೂರಿಸಿದರು. ಶವಗಳನ್ನು ಇದೇ ಬೀದಿಯ ಶವಾಗಾರದಲ್ಲಿ ಇಟ್ಟಾಗ ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಆ ತಿಂಗಳ 28ರಂದು, ಮಳೆಯಲ್ಲಿ, ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡ ಮೆರವಣಿಗೆ ಇಲ್ಲಿಂದ ಹೊರಟಿತು. ಐವತ್ತು ವರ್ಷವಾದ ಮೇಲೆ, 1977ರಲ್ಲಿ, ವಿಚಾರಣೆ ನ್ಯಾಯವಾಗಿರಲಿಲ್ಲ ಎಂದು ರಾಜ್ಯಪಾಲ ಡುಕಾಕಿಸ್ ಘೋಷಿಸಿದರು. ಅವರಲ್ಲೊಬ್ಬ ನಿಜಕ್ಕೂ ತಪ್ಪಿತಸ್ಥನಾಗಿದ್ದನೇ ಎಂಬ ವಾದ ಇನ್ನೂ ನಿಂತಿಲ್ಲ. ವಿಚಾರಣೆ ಕೆಟ್ಟದಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಈಗ ಆ ಬೀದಿಯಲ್ಲಿ ಸಿಹಿಯಂಗಡಿಗಳ ಮುಂದಿನ ಸಾಲು ಬಹಳ ಉದ್ದ.

ಸಾಲಿನಲ್ಲಿ ನಾವೂ ನಿಂತೆವು. ಕ್ಯಾನೋಲಿಯ ಕೊಳವೆಗೆ ಹಂದಿಯ ಕೊಬ್ಬು ಹಾಕುವ ಪದ್ಧತಿ ಇದೆ ಎಂದು ನಾನು ಮೊದಲೇ ಹೇಳಿದ್ದರಿಂದ ದೊಡ್ಡಪ್ಪ ಬರಿ ಕಾಫಿ ಕುಡಿದರು. ಅದೂ ಕಹಿ ಎಂದರು. ಅವರಿಗೆ ಹಿಡಿಸಿದ್ದು ಸೇಲಂ ಸ್ಟ್ರೀಟಿನ ಹಳೆಯ ಅಂಗಡಿ. 1932ರದು. ಕಾಫಿ ಬೀಜದ ಡಬ್ಬಗಳು, ಕಡಲೆ, ಅವರೆಜಾತಿಯ ಕಾಳುಗಳು, ಸೋಂಪು, ತೂಕದ ತಕ್ಕಡಿ. ಅಂಗಡಿಯ ಕಟ್ಟಡ ಯಾರದು, ಸ್ವಂತದ್ದೇ ಬಾಡಿಗೆಯದೇ ಎಂದು ವಿಚಾರಿಸಿಬಂದರು. ಸ್ವಂತ ಕಟ್ಟಡದವರು ಮಾತ್ರ ಇಲ್ಲಿ ಉಳಿಯಲು ಸಾಧ್ಯ ಎಂಬುದು ಅವರ ತರ್ಕ.

ಆ ತರ್ಕದಲ್ಲಿ ತಿರುಳಿದೆ. ನಾರ್ತ್ ಎಂಡನ್ನು ಒಂದು ಕಾಲಕ್ಕೆ ನಗರದ ಯೋಜಕರು ಕೊಳೆಗೇರಿ ಎಂದೇ ಗುರುತಿಸಿದ್ದರು. ಬ್ಯಾಂಕುಗಳು ಇಲ್ಲಿನ ಮನೆಗಳ ಮೇಲೆ ಸಾಲ ಕೊಡುತ್ತಿರಲಿಲ್ಲ. ಪಕ್ಕದ ವೆಸ್ಟ್ ಎಂಡಿನಲ್ಲಿ ಇಟಾಲಿಯನ್ನರು, ಯಹೂದಿಗಳು, ಇನ್ನೂ ಹತ್ತಾರು ಮೂಲದವರು ಕೂಡಿ ಬದುಕಿದ್ದರು. 1950ರ ದಶಕದ ಕೊನೆಯಲ್ಲಿ ನವೀಕರಣ ಎಂಬ ಹೆಸರಿನಲ್ಲಿ ಅದನ್ನು ಬುಲ್ಡೋಜರ್ ಹಾಯಿಸಿ ಬಯಲು ಮಾಡಿದರು. ಎರಡೂವರೆ ಸಾವಿರಕ್ಕೂ ಹೆಚ್ಚು ಕುಟುಂಬಗಳು ಚೆದುರಿದವು, ಅಲ್ಲಿ ಎತ್ತರದ ಕಟ್ಟಡಗಳು ಎದ್ದವು. ನಾರ್ತ್ ಎಂಡಿನವರು ಸಾಲವಿಲ್ಲದೆ ತಮ್ಮಲ್ಲೇ ಗಾರೆಯವನು ಕೊಳಾಯಿಯವನಿಗೆ, ಕೊಳಾಯಿಯವನು ಬಡಗಿಗೆ ಕೆಲಸ ಮಾಡಿಕೊಟ್ಟು ಕಟ್ಟಡಗಳನ್ನು ಉಳಿಸಿಕೊಂಡರು. ಅಷ್ಟು ಚೆನ್ನಾಗಿ ಉಳಿಸಿಕೊಂಡರು ಎಂದರೆ, ಹೆದ್ದಾರಿ ನೆಲದಡಿ ಹೋದ ಮೇಲೆ ಅವರ ಮೊಮ್ಮಕ್ಕಳಿಗೇ ಇಲ್ಲಿ ಬಾಡಿಗೆ ನಿಲುಕುವುದಿಲ್ಲ. "ಆಗ ಅಡಮಾನಕ್ಕೆ ಒಲ್ಲೆ ಎಂದ ಅದೇ ಗೋಡೆ" ಎಂದರು ದೊಡ್ಡಪ್ಪ, ಒಂದು ಕೋಣೆಯ ಮನೆಯ ಬಾಡಿಗೆ ಚೀಟಿ ಓದುತ್ತ. ನಲವತ್ತು ವರ್ಷ ಸಾಲದ ಅರ್ಜಿ ನೋಡಿದವರ ದನಿ ಅದು. ತಮ್ಮ ಕೈಯಿಂದ ತಿರಸ್ಕೃತವಾದ ಕೆಲವು ಅರ್ಜಿಗಳು ನೆನಪಾಗಿದ್ದವೋ ಏನೋ, ನಾನು ಕೇಳಲಿಲ್ಲ.

ಆಗಸ್ಟಿನ ಕೊನೆಯ ಭಾನುವಾರ ಅವರೇ ಮತ್ತೆ ಹೋಗೋಣ ಎಂದರು. ಸಂತ ಆಂಟನಿಯ ಉತ್ಸವ. ಅವೆಲ್ಲಿನೋ ಬಳಿಯ ಮೊಂತೆಫಾಲ್ಚೋನೆ ಊರಿನಿಂದ ಬಂದವರು 1919ರಲ್ಲಿ, ಅಂದರೆ ಕಾಕಂಬಿ ಹರಿದ ವರ್ಷವೇ, ಶುರುಮಾಡಿದ್ದು. ಬೀದಿಯುದ್ದಕ್ಕೂ ದೀಪದ ಕಮಾನು, ಹುರಿದ ಮಾಂಸದ ಹೊಗೆ, ಹಿತ್ತಾಳೆಯ ವಾದ್ಯ. ಮಧ್ಯಾಹ್ನ ಹೊರಟ ಮೂರ್ತಿ ಹತ್ತು ಗಂಟೆ ಕಾಲ ಬೀದಿ ಬೀದಿ ಸುತ್ತುತ್ತದೆ. ಜನ ನೋಟುಗಳನ್ನು ಮೂರ್ತಿಯಿಂದ ಇಳಿಬಿಟ್ಟ ಪಟ್ಟಿಗಳಿಗೆ ಪಿನ್ನು ಹಾಕಿ ಸಿಕ್ಕಿಸುತ್ತಾರೆ. ಮೂರನೆಯ ಅಂತಸ್ತಿನ ಕಿಟಕಿಯಿಂದ ಒಬ್ಬ ಮುದುಕಿ ನೋಟುಗಳ ಸರವನ್ನೇ ಹಗ್ಗದಲ್ಲಿ ಇಳಿಸಿದಳು. ಹೊತ್ತವರ ಅಂಗಿ ಬೆನ್ನಿಗೆ ಅಂಟಿತ್ತು.

ಹೊರುವವರು ಬದಲಾಗುವಾಗ ದೊಡ್ಡಪ್ಪ ಒಬ್ಬರನ್ನು ಹಿಡಿದರು. ಎಲ್ಲಿ ನಿಮ್ಮ ಮನೆ? ಸೌಗಸ್‌ನಲ್ಲಿ, ಕಾರಿನಲ್ಲಿ ಬಂದೆ. ಇವರದು? ಮೆಡ್‌ಫರ್ಡ್. ಅವರದು? ರಿವಿಯರ್ ಊರು. ಕೇರಿಯಲ್ಲೇ ಇರುವವರು ಒಬ್ಬರೂ ಆ ಹೆಗಲುಗಳಲ್ಲಿ ಸಿಗಲಿಲ್ಲ. ಈ ನೋಟುಗಳ ಲೆಕ್ಕ ಯಾರು ಇಡುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಸಂಘಕ್ಕೆ ಪದಾಧಿಕಾರಿಗಳಿದ್ದಾರೆ, ಖಜಾಂಚಿ ಇದ್ದಾನೆ, ಅವನ ಅಪ್ಪನೂ ಖಜಾಂಚಿಯಾಗಿದ್ದ ಎಂಬ ಉತ್ತರ ಬಂತು. ದೊಡ್ಡಪ್ಪ ತೃಪ್ತರಾಗಿ ಇಪ್ಪತ್ತು ಡಾಲರಿನ ನೋಟು ತೆಗೆದು, ನನ್ನಿಂದ ಪಿನ್ನು ಹಾಕಿಸಿದರು. ಆಮೇಲೆ ಕೈ ಚಾಚಿದರು.

"ರಸೀದಿ?"

ಆ ಮನುಷ್ಯನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಜೋರಾಗಿ ನಕ್ಕು, ಪಟ್ಟೆಯ ಒಳಗಿಂದ ಸಂತನ ಚಿತ್ರವಿರುವ ಒಂದು ಪುಟ್ಟ ಕಾರ್ಡು ತೆಗೆದು ಕೊಟ್ಟ. ದೊಡ್ಡಪ್ಪ ಅದನ್ನು ತಿರುಗಿಸಿ ಹಿಂಬದಿ ನೋಡಿದರು. ಪ್ರಾರ್ಥನೆ ಇತ್ತು, ಮೊತ್ತ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ದಿನಾಂಕದ ಕೆಳಗೆ ಇಪ್ಪತ್ತು ಎಂದು ಬರೆದು, ಸಹಿ ಹಾಕಲು ಅವನ ಮುಂದೆ ಹಿಡಿದರು. ಅವನು ಹಾಕಿದ.